ಬಾಡಿಗೆ ಮನೆಗೆ ಹಾನಿಯಾದಾಗ: ಓನರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ನಮ್ಮದು ಮೂರು ಪೋರ್ಷನ್‌ಗಳ ಮನೆ. ಅಪ್ಪನ ಕಾಲದಿಂದಲೂ ಬಾಡಿಗೆಗೆ ಕೊಡುತ್ತಾ ಬಂದಿದ್ದೇವೆ. ನಮ್ಮ ಬೀದಿಯಲ್ಲಿ ಯಾರ ಮನೆ ಖಾಲಿಯಾದರೂ ಅಡ್ವಾನ್ಸ್ ಲೆಕ್ಕದ ಜಗಳ ಕೊನೆಗೆ ನನ್ನ ಜಗಲಿಗೆ ಬಂದು ನಿಲ್ಲುತ್ತದೆ. ನಾನು ವಕೀಲನಲ್ಲ. ಆದರೆ ಕೇಳುವ ಪ್ರಶ್ನೆಗಳು ಹತ್ತಾರು ವರ್ಷಗಳಿಂದ ಹೆಚ್ಚುಕಡಿಮೆ ಇವೇ ಆಗಿರುವುದರಿಂದ ಒಂದು ಕಡೆ ಬರೆದಿಡುತ್ತಿದ್ದೇನೆ. ದೊಡ್ಡ ಮೊತ್ತದ ತಕರಾರಾದರೆ ವಕೀಲರನ್ನೇ ಕಾಣಿ.

ಸವೆತ ಯಾವುದು, ಹಾನಿ ಯಾವುದು?

ಉಳಿದ ಪ್ರಶ್ನೆಗಳೆಲ್ಲ ಇದರ ಮೇಲೇ ನಿಂತಿವೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ತಾನು ಮನೆಯನ್ನು ಯಾವ ಸ್ಥಿತಿಯಲ್ಲಿ ಪಡೆದನೋ ಅದೇ ಸ್ಥಿತಿಯಲ್ಲಿ ಬಿಟ್ಟುಕೊಡಬೇಕು. ಆದರೆ ಸಹಜ ಬಳಕೆಯ ಸವೆತಕ್ಕೂ, ಮನುಷ್ಯ ತಡೆಯಲಾಗದ ಪ್ರಕೃತಿಯ ಹೊಡೆತಕ್ಕೂ ಅವನು ಹೊಣೆಯಲ್ಲ. ಅನುಮಾನ ಬಂದಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಇಷ್ಟು: ಇಷ್ಟು ವರ್ಷ ನಾನೇ ಈ ಮನೆಯಲ್ಲಿ ಸಂಸಾರ ಮಾಡಿದ್ದರೆ ಹೀಗಾಗುತ್ತಿತ್ತೇ? ಆಗುತ್ತಿತ್ತು ಅನ್ನಿಸಿದರೆ ಅದು ಸವೆತ.

ಬಿಸಿಲಿಗೆ ಮಾಸಿದ ಬಣ್ಣ, ಸೋಫಾ ಒರಗಿದ ಗುರುತು, ದೇವರ ಗೂಡಿನ ಮೇಲಿನ ದೀಪದ ಮಸಿ, ಒಗ್ಗರಣೆಯ ಜಿಡ್ಡು ಹಿಡಿದ ಎಕ್ಸಾಸ್ಟ್ ಫ್ಯಾನ್, ಇವೆಲ್ಲ ಸವೆತ. ಕಿಟಕಿಯ ಒಡೆದ ಗಾಜು, ಕುಟ್ಟಾಣಿ ಬಿದ್ದು ಸೀಳಿದ ಗ್ರಾನೈಟ್, ನಾಯಿ ಕೆರೆದ ಬಾಗಿಲು, ಮಗು ಪರ್ಮನೆಂಟ್ ಮಾರ್ಕರ್‌ನಲ್ಲಿ ಹಾಲ್ ತುಂಬಾ ಬರೆದ ರೈಲು, ಇವು ಹಾನಿ. ತಕರಾರು ಆಗುವುದು ನಡುವಿನವುಗಳಲ್ಲಿ. ನಲ್ಲಿಗಳಿಗೆಲ್ಲ ಬಿಳಿ ಗಾರೆಯಂತೆ ಉಪ್ಪು ಕಟ್ಟಿದೆ, ಗೀಸರ್ ಕಾಯಿಲ್ ಹೋಗಿದೆ. ಬಾಡಿಗೆದಾರ ತೊಳೆಯಲಿಲ್ಲ ಅನ್ನುತ್ತೇವೆ. ಆದರೆ ಬೋರ್‌ವೆಲ್ಲಿನ ಗಡಸು ನೀರು ಕೊಟ್ಟವರು ನಾವೇ ತಾನೆ? ಅದು ಸವೆತ. ಅದೇ ನಲ್ಲಿಯ ಕುತ್ತಿಗೆ ಮುರಿದಿದ್ದರೆ ಹಾನಿ.

ಕರ್ನಾಟಕದಲ್ಲಿ ಬಾಡಿಗೆ ಕಾಯ್ದೆ ಇದೆಯಲ್ಲ, ಅದು ಅನ್ವಯಿಸುವುದಿಲ್ಲವೇ?

ಹೆಚ್ಚಿನ ಮನೆಗಳಿಗೆ ಇಲ್ಲ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊರಗಿಟ್ಟಿದೆ. ಈಗ ಆ ದರಕ್ಕೆ ಬೆಂಗಳೂರಿನಲ್ಲಿ ಸ್ಕೂಟರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಿಮಗೆ ಅನ್ವಯಿಸುವುದು 1882ರ ಕಾಯ್ದೆ ಮತ್ತು ನಿಮ್ಮ ಕರಾರು ಪತ್ರ.

ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ಅದು ಮಾದರಿ ಅಷ್ಟೇ, ತಾನಾಗಿ ಜಾರಿಯಾಗುವುದಿಲ್ಲ. ಆದರೂ ಅದರ ಎರಡನೇ ಅನುಸೂಚಿಯನ್ನು ಒಮ್ಮೆ ಓದಿ. ಕಟ್ಟಡದ ದುರಸ್ತಿ, ಸುಣ್ಣಬಣ್ಣ, ಪೈಪ್ ಬದಲಾವಣೆ, ವೈರಿಂಗ್ ಓನರ್ ಪಾಲಿಗೆ. ನಲ್ಲಿಯ ವಾಷರ್, ಮೋರಿ ಸ್ವಚ್ಛತೆ, ಗೀಸರ್, ಸ್ವಿಚ್, ಬೀಗ, ಚಿಲಕ, ಸೊಳ್ಳೆ ಜಾಲರಿ, ಕಿಟಕಿ ಗಾಜು ಬಾಡಿಗೆದಾರರ ಪಾಲಿಗೆ. ಈ ಹಂಚಿಕೆಯನ್ನು ಹಾಗೇ ಎತ್ತಿ ನಮ್ಮ ಅಗ್ರಿಮೆಂಟಿಗೆ ಹಾಕಿಕೊಂಡಿದ್ದೇನೆ. ಗೀಸರನ್ನು ಮಾತ್ರ ನನ್ನ ಪಾಲಿಗೆ ಎಳೆದುಕೊಂಡೆ, ನೀರಿನ ಕಥೆ ಮೇಲೆ ಹೇಳಿದ್ದೇನಲ್ಲ.

ಬಾಡಿಗೆದಾರರು ಬರುವ ದಿನ ಏನು ದಾಖಲೆ ಮಾಡಿಕೊಳ್ಳಬೇಕು?

ಖಾಲಿ ಮಾಡುವ ದಿನದ ಜಗಳದಲ್ಲಿ ಗೆಲ್ಲುವವರು ಯಾರು ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಒಂದು ಸಲ ಊರ ಕಡೆಯವರೆಂಬ ಸಲಿಗೆಗೆ ಯಾವ ಪಟ್ಟಿಯೂ ಇಲ್ಲದೆ ಕೀಲಿ ಕೊಟ್ಟಿದ್ದೆ. ನಾಲ್ಕು ವರ್ಷದ ನಂತರ ಅಡುಗೆಮನೆ ಸಿಂಕಿನ ಕೆಳಗಿನ ಕಪಾಟು ಕೊಳೆತು ಕೈಗೆ ಬಂತು. "ನಾವು ಬಂದಾಗಲೇ ಹೀಗಿತ್ತು, ಅಂಕಲ್" ಅಂದರು. ಇರಲಿಲ್ಲ ಎಂದು ತೋರಿಸಲು ನನ್ನ ಬಳಿ ನನ್ನ ನೆನಪು ಬಿಟ್ಟರೆ ಏನೂ ಇರಲಿಲ್ಲ. 14,000 ರೂಪಾಯಿ ಕೈಯಿಂದ ಹಾಕಿದೆ.

ಅಂದಿನಿಂದ ಅವರು ಹಾಲು ಉಕ್ಕಿಸುವ ಮುಂಚೆ, ಸಾಮಾನಿನ ಲಾರಿ ಬರುವ ಮುಂಚೆ, ಇಬ್ಬರೂ ಜೊತೆಗೆ ನಡೆದು ವೀಡಿಯೊ ಮಾಡುತ್ತೇವೆ. ಬಾಗಿಲಿಂದ ಶುರು, ಪ್ರತಿ ಕೋಣೆಯಲ್ಲೂ ನಾಲ್ಕು ಗೋಡೆ, ಸೂರು, ನೆಲ. ಎಲ್ಲ ಸ್ವಿಚ್ ಒತ್ತಿ, ಎಲ್ಲ ನಲ್ಲಿ ತಿರುಗಿಸಿ, ಫ್ಲಶ್ ಎಳೆದು, ಸಿಂಕಿನ ಕೆಳಗೆ ಟಾರ್ಚ್ ಬಿಟ್ಟು ನೋಡಬೇಕು. ಈಗಾಗಲೇ ಇರುವ ಬಿರುಕಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ. ಕರೆಂಟ್ ಮೀಟರ್ ರೀಡಿಂಗ್. ಆಮೇಲೆ ಕೋಣೆವಾರು ಪಟ್ಟಿ, ಎರಡು ಪ್ರತಿ, ಇಬ್ಬರ ಸಹಿ. ನಿಮ್ಮ ಮನೆಯ ಹುಳುಕನ್ನೂ ಮುಚ್ಚಿಡದೆ ಬರೆಯಿರಿ. ಹುಳುಕು ಬರೆದಿರುವ ಪಟ್ಟಿಯನ್ನೇ ಜನ ನಂಬುವುದು.

ವೀಡಿಯೊವನ್ನು ಆ ದಿನವೇ ಅವರಿಗೂ ವಾಟ್ಸಾಪ್‌ನಲ್ಲಿ ಕಳಿಸಿ. ಮೂಲ ಫೈಲ್ ಅಳಿಸಬೇಡಿ. ಮುಂದೆ ಕೋರ್ಟಿಗೆ ಕೊಡಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರವನ್ನೂ ಜೊತೆಗೆ ಕೊಡಬೇಕಾಗುತ್ತದೆ.

ನಡುವೆ ಮನೆ ಒಳಗೆ ಹೋಗಿ ನೋಡಬಹುದೇ?

ಮೊದಲೇ ಹೇಳಿ, ಸರಿಯಾದ ಹೊತ್ತಿನಲ್ಲಿ ಹೋಗಬಹುದು. ಆ 108ನೇ ಸೆಕ್ಷನ್ನೇ ಅದಕ್ಕೆ ಅವಕಾಶ ಕೊಡುತ್ತದೆ. ಬಾಡಿಗೆದಾರರ ಕಡೆಯಿಂದ ಆದ ಹಾನಿ ಕಂಡರೆ ಲಿಖಿತವಾಗಿ ತಿಳಿಸಿ. ಮೂರು ತಿಂಗಳೊಳಗೆ ಅವರು ಸರಿಪಡಿಸಬೇಕು. ನಕಲಿ ಕೀಲಿ ಇದೆ ಎಂದು ಅವರಿಲ್ಲದಾಗ ಬಾಗಿಲು ತೆಗೆಯುವುದು ಮಾತ್ರ ಬೇಡವೇ ಬೇಡ. ಪೈಪ್ ಒಡೆದು ಮೆಟ್ಟಿಲ ಮೇಲೆ ನೀರು ಹರಿಯುತ್ತಿದ್ದರೆ ಫೋನ್ ಮಾಡಿ, ಪಕ್ಕದವರನ್ನು ಜೊತೆಗೆ ಕರೆದುಕೊಂಡು ತೆಗೆಯಿರಿ.

ಅಡ್ವಾನ್ಸ್‌ನಿಂದ ಎಷ್ಟು ಹಿಡಿಯಬಹುದು? ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಸರಿಯೇ?

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಪಡೆಯುವ ರೂಢಿ ಇತ್ತು, ಈಗ ಬಹಳ ಕಡೆ ಐದಾರಕ್ಕೆ ಇಳಿದಿದೆ. ಮೇಲೆ ಹೇಳಿದ ಮಾದರಿ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಅನ್ನುತ್ತದೆ. ಎಷ್ಟೇ ಇರಲಿ, ಅದು ನಮ್ಮ ಹಣವಲ್ಲ.

ಪೇಂಟಿಂಗ್ ಕಡಿತ ರೂಢಿ. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಇಬ್ಬರೂ ಒಪ್ಪಿದ ಮಾತು. ಬರೆಯದಿದ್ದರೆ "ಎಲ್ಲರೂ ಹಿಡೀತಾರೆ" ಎಂಬುದು ಉತ್ತರವಲ್ಲ. ನನ್ನನ್ನು ಕೇಳಿದರೆ ಐದು ವರ್ಷ ಇದ್ದು ಹೋದವರಿಂದ ಸುಣ್ಣಬಣ್ಣಕ್ಕೆ ಹಣ ಹಿಡಿಯುವುದು ಅನ್ಯಾಯ. ಐದು ವರ್ಷಕ್ಕೆ ನಮ್ಮ ಸ್ವಂತ ಮನೆಗೂ ಬಣ್ಣ ಬೇಕಲ್ಲ. ಇದಕ್ಕೆ ನಮ್ಮ ಬೀದಿಯ ಓನರ್‌ಗಳು ನನ್ನ ಮೇಲೆ ಸಿಟ್ಟಾಗಿದ್ದಾರೆ.

ನಿಜವಾದ ಹಾನಿ ಇದ್ದಾಗ ಹೊಸದರ ಪೂರ್ತಿ ಬೆಲೆ ಹಿಡಿಯಬೇಡಿ, ಉಳಿದಿದ್ದ ಆಯಸ್ಸಿನ ಬೆಲೆ ಹಿಡಿಯಿರಿ. ಒಂದು ಲೆಕ್ಕ ನೋಡಿ. ಹಾಲ್‌ಗೆ ಬಣ್ಣ ಹೊಡೆಸಲು 12,000 ರೂಪಾಯಿ. ಅದು ನಾಲ್ಕು ವರ್ಷ ಬರುತ್ತದೆ ಅಂದುಕೊಳ್ಳಿ. ಹೊಸ ಬಣ್ಣದ ಮನೆಗೆ ಬಂದವರು ಒಂದು ವರ್ಷಕ್ಕೇ ಗೋಡೆ ಹಾಳು ಮಾಡಿದರೆ ಮುಕ್ಕಾಲು ಪಾಲು, 9,000. ಮೂರು ವರ್ಷ ಇದ್ದಿದ್ದರೆ 3,000. ಈ ಲೆಕ್ಕವನ್ನು ಕಾಗದದಲ್ಲಿ ಬರೆದು, ಅಂಗಡಿ ಬಿಲ್ಲು ಲಗತ್ತಿಸಿ ಕೈಗೆ ಕೊಟ್ಟರೆ ಹತ್ತರಲ್ಲಿ ಎಂಟು ಜನ ತುಟಿ ಬಿಚ್ಚದೆ ಒಪ್ಪುತ್ತಾರೆ. ಬಾಯಿ ಮಾತಲ್ಲಿ "ಒಂದು ಇಪ್ಪತ್ತು ಸಾವಿರ ಆಗುತ್ತೆ" ಅಂದರೆ ಜಗಳ ಅಲ್ಲೇ ಶುರು.

"ಪ್ರತಿ ಮೊಳೆಗೆ 500 ರೂಪಾಯಿ ದಂಡ" ಎಂದು ಅಗ್ರಿಮೆಂಟಿನಲ್ಲಿ ಬರೆಸುವವರಿದ್ದಾರೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ; ಸಿಗುವುದು ನ್ಯಾಯವಾದ ಪರಿಹಾರ. ನಷ್ಟವೇ ಆಗದಿದ್ದರೆ ಪರಿಹಾರದ ಪ್ರಶ್ನೆಯೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಹೇಳಿದೆ.

ಗೋಡೆಯೆಲ್ಲ ತೇವ, ಬೂಷ್ಟು. ಬಾಡಿಗೆದಾರರ ತಪ್ಪೋ ನಮ್ಮದೋ?

ಬಹುಪಾಲು ನಮ್ಮದು. ಕೋಪ ಮಾಡಿಕೊಳ್ಳುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಮಳೆಗಾಲದಲ್ಲಿ ಮಾತ್ರ, ಸೂರಿನ ಮೂಲೆಯಲ್ಲಿ ಕಂಡರೆ ತಾರಸಿ ಅಥವಾ ಹೊರಗೋಡೆಯ ಬಿರುಕು. ವರ್ಷವಿಡೀ ಒಂದೇ ಜಾಗದಲ್ಲಿದ್ದರೆ ಪೈಪ್ ಅಥವಾ ಬಚ್ಚಲು. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಪಟ್ಟಿಯಂತೆ ಬಂದು, ಗಾರೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿದ್ದರೆ ತಳಪಾಯದಿಂದ ಏರುವ ತೇವ, ಇಲ್ಲವೇ ಪಕ್ಕದಲ್ಲೇ ಇರುವ ಸಂಪು ಸೋರುತ್ತಿದೆ. ಸಂಪಿನ ಅನುಮಾನವಿದ್ದರೆ ರಾತ್ರಿ ತುಂಬಿಸಿ, ಮೋಟಾರ್ ಮತ್ತು ಒಳಹರಿವು ನಿಲ್ಲಿಸಿ, ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬೆಳಿಗ್ಗೆ ನೋಡಿ. ಬಚ್ಚಲ ಅನುಮಾನವಿದ್ದರೆ ನೀರು ಹೋಗುವ ತೂತು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಮನೆಯ ಸೂರು ನೋಡಿ. ನೀರಿಗೆ ಸ್ವಲ್ಪ ಬಣ್ಣ ಕಲಸಿದರೆ ಮೇಲ್ಮನೆಯವರ ಜೊತೆ ವಾದವೂ ಬೇಕಿಲ್ಲ.

ಮೂಲ ನಿಲ್ಲಿಸದೆ ಪುಟ್ಟಿ ತುಂಬಿ ಬಣ್ಣ ಹೊಡೆಸಿದರೆ ಮುಂದಿನ ಮಳೆಗೆ ಮತ್ತೆ ಗುಳ್ಳೆ ಏಳುತ್ತದೆ. ಗಾರೆ ಕೆತ್ತಿಸಿ, ಗೋಡೆ ಪೂರ್ತಿ ಒಣಗಲು ಬಿಡಿ. ಮೇಸ್ತ್ರಿ ಎರಡೇ ದಿನ ಸಾಕು ಅನ್ನುತ್ತಾರೆ, ನಂಬಬೇಡಿ. ಬೇಸಿಗೆಯಲ್ಲೇ ಈ ಕೆಲಸ ಇಟ್ಟುಕೊಳ್ಳಿ.

ಬಾಡಿಗೆದಾರರು ಸೋರಿಕೆಯ ವಿಷಯ ಹೇಳಿದ ಮೇಲೂ ನಾವು ಸುಮ್ಮನಿದ್ದರೆ, ನಾವು ಮಾಡಿಸಬೇಕಿದ್ದ ದುರಸ್ತಿಯನ್ನು ಅವರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದೂ 108ರಲ್ಲೇ ಇದೆ. ಹಾಗೆಯೇ ಅವರು ಆರು ತಿಂಗಳು ಹೇಳದೆ ಬಿಟ್ಟು ಮರದ ಕಪಾಟು ಕೊಳೆತರೆ, ಆ ಕಪಾಟಿನ ಮಟ್ಟಿಗೆ ಅವರನ್ನು ಕೇಳುವುದು ನ್ಯಾಯ. "ಸೋರಿಕೆ ಕಂಡ ಏಳು ದಿನದೊಳಗೆ ಮೆಸೇಜ್ ಮಾಡಬೇಕು" ಎಂಬ ಒಂದು ಸಾಲು ಅಗ್ರಿಮೆಂಟಿನಲ್ಲಿರಲಿ.

ಮಲೆನಾಡು, ಕರಾವಳಿಯ ಹಂಚಿನ ಮನೆಗಳ ಲೆಕ್ಕವೇ ಬೇರೆ. ಅಲ್ಲಿ ಕೋತಿ ಹಾರಿ ಹಂಚು ಒಡೆಯುವುದು ಯಾರ ತಪ್ಪೂ ಅಲ್ಲ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಖರ್ಚು ಓನರ್‌ದೇ. ಗೆದ್ದಲೂ ಅಷ್ಟೇ.

ಕೇಳದೆ ಗೋಡೆ ಕೊರೆದು ಏಸಿ ಹಾಕಿದ್ದಾರೆ. ಸಂಸಾರಕ್ಕೆಂದು ಪಡೆದ ಮನೆಯನ್ನು ಪಿಜಿ ಮಾಡಿದ್ದಾರೆ. ಏನು ಮಾಡಲಿ?

ಎರಡೂ ಬೇರೆ ಬೇರೆ ವಿಷಯ. ಏಸಿ, ಚಿಮಣಿ, ಕಪಾಟು ಇಂಥವನ್ನು ಹೋಗುವಾಗ ಬಿಚ್ಚಿಕೊಂಡು ಹೋಗುವ ಹಕ್ಕು ಅವರಿಗಿದೆ, ಮನೆಯನ್ನು ಮೊದಲಿನಂತೆ ಮಾಡಿ ಬಿಡಬೇಕು. ತೂತು ಮುಚ್ಚಿ ಬಣ್ಣ ಹಚ್ಚಿಸಿದರೆ ಮುಗಿಯಿತು. ಬೀಮ್, ಪಿಲ್ಲರ್ ಕೊರೆದಿದ್ದರೆ ಮಾತ್ರ ಎಂಜಿನಿಯರನ್ನು ಕರೆಸಿ.

ಪಿಜಿ ದೊಡ್ಡ ವಿಷಯ. ನಾಲ್ಕು ಜನಕ್ಕೆ ಲೆಕ್ಕ ಹಾಕಿದ ಪೈಪು, ವೈರು, ಗುಂಡಿ ಹನ್ನೆರಡು ಜನಕ್ಕೆ ತಡೆಯುವುದಿಲ್ಲ. ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸುವಂತಿಲ್ಲ ಎಂಬುದು ಕಾಯ್ದೆಯಲ್ಲೇ ಇದೆ. ತಡಮಾಡದೆ ನೋಟಿಸ್ ಕೊಡಿ. ಗೊತ್ತಿದ್ದೂ ಒಂದು ವರ್ಷ ಬಾಡಿಗೆ ಎಣಿಸಿಕೊಂಡರೆ "ಓನರ್ ಒಪ್ಪಿದ್ದರು" ಎಂಬ ವಾದ ಬರುತ್ತದೆ.

ಮಳೆ ನೀರು ನುಗ್ಗಿ ನೆಲಮಹಡಿ ಮುಳುಗಿತು. ಮೊದಲು ಏನು?

2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್, ಯಮಲೂರು ಕಡೆ ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದ್ದು ನೆನಪಿರಬೇಕು. ಕೋಟಿ ಬೆಲೆಯ ಮನೆಗೂ ರಾಜಕಾಲುವೆಗೆ ಕರುಣೆ ಇರಲಿಲ್ಲ.

ಮೊದಲು ಮೇನ್ ಸ್ವಿಚ್. ಅದನ್ನು ಮುಟ್ಟಲು ನೀರಲ್ಲಿ ನಿಲ್ಲಬೇಕಾದರೆ ಮುಟ್ಟಬೇಡಿ, ಬೆಸ್ಕಾಂಗೆ ಹೇಳಿ. ನೀರು ಇಳಿಯುವ ಮುಂಚೆ ಗೋಡೆಯ ಮೇಲೆ ಎಷ್ಟು ಎತ್ತರ ನಿಂತಿತ್ತು ಎಂಬುದರ ಫೋಟೋ. ಸಂಪಿಗೆ ಮೋರಿ ನೀರು ಸೇರಿರುತ್ತದೆ. ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿಸದೆ ಮೋಟಾರ್ ಹಾಕಬೇಡಿ. ವೈರಿಂಗ್ ಒಣಗಿ, ಎಲೆಕ್ಟ್ರಿಷಿಯನ್ ನೋಡುವ ತನಕ ಕರೆಂಟ್ ಬೇಡ.

ವಿಮೆ ಇದ್ದರೆ ಕೂಡಲೇ ತಿಳಿಸಿ, ಸರ್ವೇಯರ್ ಬರುವವರೆಗೆ ಒದ್ದೆ ಸಾಮಾನು ಎಸೆಯಬೇಡಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕು. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕುಸಿತ, ನೀರಿನ ಟ್ಯಾಂಕ್ ಮತ್ತು ಪೈಪ್ ಒಡೆಯುವುದು, ಗಲಭೆ ಇವೆಲ್ಲ ಅದರಲ್ಲಿವೆ. ಮನೆ ವಾಸಕ್ಕೆ ಯೋಗ್ಯವಲ್ಲದ ತಿಂಗಳುಗಳ ಬಾಡಿಗೆ ನಷ್ಟವೂ ಸೇರುತ್ತದೆ, ಇದು ಬಹಳ ಓನರ್‌ಗಳಿಗೆ ಗೊತ್ತೇ ಇಲ್ಲ. ಸವೆತ, ನಿಧಾನದ ಸೋರಿಕೆಗೆ ದುಡ್ಡು ಬರುವುದಿಲ್ಲ. ಬಾಡಿಗೆದಾರರ ಟಿವಿ, ಹಾಸಿಗೆ ನಿಮ್ಮ ಪಾಲಿಸಿಯಲ್ಲಿ ಸೇರಿರುವುದಿಲ್ಲ, ಅವರು ಬೇರೆ ಮಾಡಿಸಬೇಕು. ಮನೆ ಸಾಲ ಕೊಟ್ಟ ಬ್ಯಾಂಕ್ ಮಾಡಿಸಿದ ಪಾಲಿಸಿ ಇದ್ದರೆ ತೆಗೆದು ಓದಿ. ಕೆಲವು ಸಲ ಅದು ಸಾಲಗಾರನ ಜೀವವಿಮೆ, ಕಟ್ಟಡದ್ದಲ್ಲ.

ಬಾಡಿಗೆ? ಇರಲಾಗದ ಮನೆಗೆ ಬಾಡಿಗೆ ಕೇಳಬೇಡಿ. ಪ್ರವಾಹ ಅಥವಾ ಬೆಂಕಿಯಿಂದ ಮನೆಯ ಮುಖ್ಯ ಭಾಗ ಪೂರ್ತಿ ನಾಶವಾದರೆ, ಇಲ್ಲವೇ ಕಾಯಂ ಆಗಿ ಬಳಸಲಾಗದಂತಾದರೆ, ಕರಾರನ್ನೇ ರದ್ದು ಮಾಡುವ ಆಯ್ಕೆ ಬಾಡಿಗೆದಾರರಿಗಿದೆ.

ಗ್ಯಾಸ್ ಅಥವಾ ಸ್ಕೂಟರ್ ಚಾರ್ಜಿಂಗ್‌ನಿಂದ ಬೆಂಕಿ ಬಿದ್ದರೆ?

ಅಗ್ನಿಶಾಮಕ ದಳದ ವರದಿ, ಪೊಲೀಸ್ ದಾಖಲೆ ಎರಡೂ ಪಡೆಯಿರಿ, ವಿಮೆಗೆ ಬೇಕಾಗುತ್ತವೆ. ಸಿಲಿಂಡರ್ ಅವಘಡಕ್ಕೆ ತೈಲ ಕಂಪನಿಗಳೇ ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿವೆ. ಗ್ರಾಹಕರ ನೋಂದಾಯಿತ ವಿಳಾಸದಲ್ಲಿ ಆದ ಆಸ್ತಿ ಹಾನಿಗೆ ಗರಿಷ್ಠ 2 ಲಕ್ಷ ರೂಪಾಯಿ. ಗಮನಿಸಿ, ನೋಂದಾಯಿತ ವಿಳಾಸ. ಹಳೆಯ ಮನೆಯ ವಿಳಾಸದಲ್ಲೇ ಸಿಲಿಂಡರ್ ತರಿಸುವ ಬಾಡಿಗೆದಾರರು ಎಷ್ಟೋ ಜನ. ಬಂದ ತಿಂಗಳಲ್ಲೇ ವಿಳಾಸ ಬದಲಿಸಿ ಪುಸ್ತಕ ತೋರಿಸಲು ಹೇಳಿ. ಎಲೆಕ್ಟ್ರಿಕ್ ಸ್ಕೂಟರಿಗೆ ಎರಡನೇ ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವುದನ್ನು ಬೈದು ನಿಲ್ಲಿಸುವುದಕ್ಕಿಂತ, ಪಾರ್ಕಿಂಗ್‌ನಲ್ಲಿ ಅರ್ತಿಂಗ್, ಎಂಸಿಬಿ ಇರುವ ಒಂದು ಪಾಯಿಂಟ್ ಹಾಕಿಸಿ ಕೊಡಿ.

ಬೇಕೆಂದೇ ಹಾಳು ಮಾಡಿದ್ದಾರೆ. ಪೊಲೀಸರಿಗೆ ಹೇಳಲೇ?

ಬೇಕೆಂದೇ ಎಂಬುದಕ್ಕೆ ಆಧಾರವಿದ್ದರೆ ಹೇಳಿ. ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಇರುವುದೇ ಇದಕ್ಕೆ. ಒಂದು ಲಕ್ಷ ಅಥವಾ ಹೆಚ್ಚಿನ ನಷ್ಟವಾದರೆ ಐದು ವರ್ಷದವರೆಗೆ ಶಿಕ್ಷೆ. ಉದ್ದೇಶವಿಲ್ಲದ ಅಜಾಗರೂಕತೆ ಸಿವಿಲ್ ವ್ಯಾಜ್ಯ, ಠಾಣೆಯವರು ವಾಪಸ್ ಕಳಿಸುತ್ತಾರೆ.

ನೀರು, ಕರೆಂಟ್ ಕಟ್ ಮಾಡಿ ಬೀಗ ಜಡಿದರೆ?

ಬೇಡ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ಬಾಡಿಗೆದಾರ ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಅಲ್ಲಿಯವರೆಗೆ ಅವರದಾಗಿದ್ದ ತಪ್ಪು ನಮ್ಮದಾಗುತ್ತದೆ.

ಅಡ್ವಾನ್ಸ್ ಮೀರಿ ನಷ್ಟವಾಗಿದೆ. ಹಣ ವಸೂಲಿ ಹೇಗೆ?

ಅಂದಾಜು ಪಟ್ಟಿ, ಬಿಲ್, ಹಳೆಯ ಮತ್ತು ಹೊಸ ಫೋಟೋ ಲಗತ್ತಿಸಿ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್. ದಾವೆ ಹೂಡಲು ಮೂರು ವರ್ಷ ಕಾಲಮಿತಿ. ಅದಕ್ಕೂ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಟ್ಟು ಲೋಕ್ ಅದಾಲತ್‌ನಲ್ಲಿ ಕೂರಬಹುದು. ಕೋರ್ಟ್ ಶುಲ್ಕವಿಲ್ಲ, ರಾಜಿಯಾದರೆ ಅದಕ್ಕೆ ಡಿಕ್ರಿಯ, ಅಂದರೆ ಕೋರ್ಟ್ ತೀರ್ಪಿನ ಬಲವಿದೆ. ಮೂವತ್ತು ನಲವತ್ತು ಸಾವಿರಕ್ಕೆ ವಕೀಲರ ಫೀಸು ಕಟ್ಟಿ ಅಲೆಯುವುದಕ್ಕಿಂತ ಇದು ಮೇಲು. ನಾನು ಒಮ್ಮೆ 22,000ಕ್ಕೆ ಕೋರ್ಟಿಗೆ ಹೋಗಿ, ಮೂರನೇ ವಾಯಿದೆಗೆ ಸಾಕಾಗಿ ಕೈಬಿಟ್ಟೆ.

ಭೋಗ್ಯಕ್ಕೆ ಕೊಟ್ಟ ಮನೆ. ಬಾಡಿಗೆಯೇ ಇಲ್ಲ, ರಿಪೇರಿ ಯಾರದು?

ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಆ ಹಣ ವಾಪಸ್ ಪಡೆಯುವುದು ಭೋಗ್ಯ. ಬೆಂಗಳೂರಿನವರು ಲೀಸ್ ಅನ್ನುವುದು ಇದನ್ನೇ. ರಿಪೇರಿಯ ಹಂಚಿಕೆಯನ್ನು ಪತ್ರದಲ್ಲೇ ಬರೆಸಿ. ಒಂದು ವರ್ಷ ಮೀರಿದ ಅವಧಿಯಾದರೆ ನೋಂದಣಿ ಕಡ್ಡಾಯ. ಖಾಲಿ ಮಾಡುವ ಹದಿನೈದು ದಿನ ಮುಂಚೆಯೇ ಮನೆ ನೋಡಿ ಹಾನಿಯ ಲೆಕ್ಕ ಮುಗಿಸಿಕೊಳ್ಳಿ. ಹತ್ತು ಲಕ್ಷ ವಾಪಸ್ ಬರಬೇಕಾದವರು ಮೂವತ್ತು ಸಾವಿರದ ತಕರಾರಿಗೆ ಕೀಲಿ ಹಿಡಿದು ಕೂತರೆ ಅವರನ್ನು ದೂರಲಾಗದು.

ನಾವು ಅಮೆರಿಕದಲ್ಲಿದ್ದೇವೆ, ಮನೆ ಮೈಸೂರಿನಲ್ಲಿದೆ.

ನಂಬಿಕಸ್ಥರಿಗೆ ಪವರ್ ಆಫ್ ಅಟಾರ್ನಿ ಕೊಡಿ. ಅಲ್ಲಿ ಮಾಡಿದ ಪತ್ರ ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇಂತಿಷ್ಟು ಮೊತ್ತದವರೆಗಿನ ರಿಪೇರಿಗೆ ನಿಮ್ಮನ್ನು ಕೇಳುವ ಅಗತ್ಯವಿಲ್ಲ ಎಂದು ಅವರಿಗೆ ಬರೆದುಕೊಡಿ. ರಾತ್ರಿ ಎರಡಕ್ಕೆ ಪೈಪ್ ಒಡೆದರೆ ನಿಮ್ಮ ಒಪ್ಪಿಗೆಗೆ ಕಾಯುವಂತಾಗಬಾರದು. ಅಣ್ಣನಿಗೋ ಭಾವನಿಗೋ ಒಪ್ಪಿಸಿದ್ದರೂ ಆರು ತಿಂಗಳಿಗೊಮ್ಮೆ ವೀಡಿಯೊ ಕಾಲ್‌ನಲ್ಲಿ ಮನೆ ನೋಡಿ. ಅನಿವಾಸಿ ಓನರ್‌ಗೆ ಬಾಡಿಗೆ ಕೊಡುವವರು ಶೇ 31.2 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಮುರಿಯಬೇಕು ಎಂಬುದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಹಾನಿಯ ಲೆಕ್ಕದ ಜೊತೆ ಇದೂ ಸಿಕ್ಕಾಗುತ್ತದೆ.

ರಿಪೇರಿ ಖರ್ಚಿಗೆ ತೆರಿಗೆ ವಿನಾಯಿತಿ ಉಂಟೇ?

ಬೇರೆಯಾಗಿ ಇಲ್ಲ. ಬಾಡಿಗೆ ಆದಾಯದಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಕಳೆಯಲು ಬಿಡುತ್ತಾರೆ. ಒಂದು ರೂಪಾಯಿ ಖರ್ಚಾಗದಿದ್ದರೂ ಅಷ್ಟೇ, ಮನೆ ಅರ್ಧ ಒಡೆದು ಕಟ್ಟಿಸಿದರೂ ಅಷ್ಟೇ.

ಮೊಳೆಯನ್ನೇ ಹೊಡೆಯಬೇಡಿ ಅನ್ನಬಹುದೇ?

ಅನ್ನಬಹುದು. ಆದರೆ ಕ್ಯಾಲೆಂಡರು, ದೇವರ ಪಟ, ಗಡಿಯಾರಕ್ಕೆ ಮೊಳೆ ಹೊಡೆಯದ ಸಂಸಾರವನ್ನು ನಾನಂತೂ ಕಂಡಿಲ್ಲ. ಈಗ ನಾನೇ ಡ್ರಿಲ್ ತಂದು, ಅವರು ತೋರಿಸಿದ ಕಡೆ ಆರು ಹುಕ್ಕು ಹಾಕಿಸಿಕೊಡುತ್ತೇನೆ. ಏಳನೆಯದು ಬೇಕಾದರೆ ನನ್ನನ್ನು ಕರೆಯುತ್ತಾರೆ. ಕಳೆದ ಯುಗಾದಿಗೆ ತೋರಣ ಕಟ್ಟಲು ಒಂದು ಬೇಕಾಗಿತ್ತು, ಹೋಗಿ ಹೊಡೆದು ಹೋಳಿಗೆ ತಿಂದು ಬಂದೆ.